ಜಿಪ್ಸಿಯ ಲೋ ಗೇರ್ ಇನ್ನೂ ನಿಧಾನ ಮಾಡುವುದು ಹೇಗೆ? ಲೆಕ್ಕದಿಂದ ಆಯಿಲ್ ತುಂಬುವವರೆಗೆ

ನಮ್ಮ ತೊಗರಿ ಹೊಲಕ್ಕೆ ಹೋಗಬೇಕಾದರೆ ಕಾಗಿಣಾ ನದಿಗೆ ಸೇರುವ ಒಂದು ಹಳ್ಳ ದಾಟಬೇಕು. ನೀರು ಜಾಸ್ತಿ ಇರುವುದಿಲ್ಲ. ಕಷ್ಟ ಇರುವುದು ಆಚೆ ದಡದಲ್ಲಿ. ಶಹಾಬಾದ್ ಕಡೆಯ ನೆಲ ನೋಡಿದವರಿಗೆ ಗೊತ್ತು, ಮೇಲೆ ಎರೆ ಮಣ್ಣು, ಅದರ ಕೆಳಗೆ ಪದರ ಪದರವಾಗಿ ಫರ್ಸಿ ಕಲ್ಲು. ಹಳ್ಳ ಕೊರೆದ ಕಡೆ ಆ ಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಎದ್ದು ನಿಂತಿದೆ. ಒಂದೊಂದು ಮೆಟ್ಟಿಲೂ ಗೇಣುದ್ದ.

ನನ್ನ ಮಾರುತಿ ಜಿಪ್ಸಿ ಕಿಂಗ್‌ಗೆ ದೊಡ್ಡ ಟೈರ್ ಹಾಕಿಸಿದ ಮೇಲೆ ಈ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಲೋ ಗೇರ್, ಅಂದರೆ ನಾಲ್ಕೂ ಚಕ್ರ ತಿರುಗಿಸುವ ಫೋರ್ ಬೈ ಫೋರ್‌ನ ನಿಧಾನದ ಗೇರ್ ಹಾಕಿ, ಫಸ್ಟ್‌ನಲ್ಲಿ ಬಿಟ್ಟರೆ ಟೈರ್ ಕಲ್ಲಿಗೆ ತಾಗಿದ ಕೂಡಲೇ ಎಂಜಿನ್ ಆಫ್. ಆಫ್ ಆಗಬಾರದು ಅಂತ ಆಕ್ಸಿಲೇಟರ್ ಒತ್ತಿದರೆ ಗಾಡಿ ಹಾರಿ ಮುಂದಿನ ಕಲ್ಲಿಗೆ ಗುದ್ದುತ್ತಿತ್ತು. ಕೊನೆಗೆ ಹಾಫ್ ಕ್ಲಚ್‌ನಲ್ಲೇ ಹತ್ತಿಸುವುದು ರೂಢಿಯಾಯಿತು. ಒಂದು ಸುಗ್ಗಿಯಲ್ಲಿ ತೊಗರಿ ಚೀಲ ತುಂಬಿಕೊಂಡು ಹತ್ತುವಾಗ ಕ್ಯಾಬಿನ್ ತುಂಬ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಬಿಚ್ಚಿ ನೋಡಿದ ಗ್ಯಾರೇಜಿನ ಉಸ್ತಾದ್ ಹೇಳಿದ ಮಾತು ಇಷ್ಟೇ: "ಅಣ್ಣಾ, ಪ್ಲೇಟ್ ಪೂರಾ ಖಲಾಸ್ ಆಗ್ಯಾದ್ರಿ. ಹೊಸದು ಹಾಕ್ತೀನಿ, ಅದೂ ಹಿಂಗೇ ಹೋಗ್ತದ. ಮೊದ್ಲ ಗೇರ್ ನೋಡ್ರಿ."

ಅವನು ಹೇಳಿದ್ದು ಸರಿ. ಇಂಥ ಜಾಗದಲ್ಲಿ ಗಾಡಿಗೆ ಬೇಕಾಗಿರುವುದು ಜಾಸ್ತಿ ಪವರ್ ಅಲ್ಲ, ಕ್ಲಚ್ ಮುಟ್ಟದೆ ನಿಧಾನವಾಗಿ ತೆವಳುವ ತಾಕತ್ತು. ಅದನ್ನು ಕೊಡುವುದು ಗೇರ್ ಅನುಪಾತ. ಮಹೀಂದ್ರಾ ಜೀಪ್ ಇಟ್ಟುಕೊಂಡವರಿಗೂ ಲೆಕ್ಕ ಇದೇ, ಅಂಕಿಗಳು ಮಾತ್ರ ಬೇರೆ.

ಮೊದಲು ಲೆಕ್ಕ, ಆಮೇಲೆ ಪಾನಾ

ಎಂಜಿನ್ ತಿರುಗಿದ್ದು ಚಕ್ರಕ್ಕೆ ಮುಟ್ಟುವ ಮೊದಲು ಮೂರು ಕಡೆ ನಿಧಾನವಾಗುತ್ತದೆ. ಒಂದು ಗೇರ್ ಬಾಕ್ಸ್. ಎರಡನೆಯದು ಟ್ರಾನ್ಸ್‌ಫರ್ ಕೇಸ್, ಅಂದರೆ ಫೋರ್ ಬೈ ಫೋರ್ ಹಾಕುವ ಚಿಕ್ಕ ಗೇರ್ ಬಾಕ್ಸ್. ಮೂರನೆಯದು ಹೌಸಿಂಗ್ (ಆಕ್ಸಲ್‌ನ ಕವಚ) ಒಳಗಿನ ಕ್ರೌನ್ ಪಿನಿಯನ್, ಅಂದರೆ ಒಂದು ದೊಡ್ಡ, ಒಂದು ಚಿಕ್ಕ ಗೇರಿನ ಜೋಡಿ. ಈ ಮೂರರ ಅನುಪಾತ ಒಂದಕ್ಕೊಂದು ಗುಣಿಸಿದರೆ ನಿಮ್ಮ ಗಾಡಿ ಎಷ್ಟು ನಿಧಾನವಾಗಿ ತೆವಳುತ್ತದೆ ಅನ್ನುವುದು ಸಿಗುತ್ತದೆ.

ನನ್ನ ಗಾಡಿಯಲ್ಲಿ ಫಸ್ಟ್ ಗೇರ್ 3.652. ಟ್ರಾನ್ಸ್‌ಫರ್ ಕೇಸ್ ಲೋ 2.268. ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 11, ಭಾಗಿಸಿದರೆ 3.909. ಮೂರೂ ಗುಣಿಸಿದರೆ 32.4. ಅಂದರೆ ಎಂಜಿನ್ 32 ಸುತ್ತು ಮೇಲೆ ಸ್ವಲ್ಪ ತಿರುಗಿದರೆ ಚಕ್ರ ಒಂದು ಸುತ್ತು. ಕ್ರೌನ್ ಪಿನಿಯನ್ ವಿಷಯದಲ್ಲಿ ಮಾತ್ರ ಯಾರ ಮಾತೂ ನಂಬಬೇಡಿ. ಹಳೇ ಗಾಡಿಗಳಲ್ಲಿ, ಅದರಲ್ಲೂ ಹರಾಜಿನಲ್ಲಿ ಕೊಂಡು ತಂದ ಗಾಡಿಗಳಲ್ಲಿ, ಯಾವ ಹೌಸಿಂಗ್ ಎಲ್ಲಿಂದ ಬಂದು ಕೂತಿದೆ ಅಂತ ಹೇಳಲಾಗದು. ಹೌಸಿಂಗ್ ಬಿಚ್ಚಿದಾಗ ಹಲ್ಲು ಎಣಿಸಿ. 41ಕ್ಕೆ 11 ಇದ್ದರೆ 3.727, 37ಕ್ಕೆ 9 ಇದ್ದರೆ 4.111. ಮುಂದೆ ಹಿಂದೆ ಎರಡೂ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್ ಬೈ ಫೋರ್ ಹಾಕಿದ ಕೂಡಲೇ ಮುಂದಿನ ಚಕ್ರ ಹಿಂದಿನ ಚಕ್ರ ಜಗಳಕ್ಕೆ ಬಿದ್ದು ಶಾಫ್ಟ್ ಬಿಗಿದುಕೊಳ್ಳುತ್ತದೆ.

ಈಗ ವೇಗ. ಕಂಪನಿಯ 205/70 ಆರ್15 ಟೈರ್ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಆಕ್ಸಿಲೇಟರ್ ಒತ್ತದೆ ಎಂಜಿನ್ 850 ಆರ್‌ಪಿಎಂನಲ್ಲಿ (ನಿಮಿಷಕ್ಕೆ 850 ಸುತ್ತು) ಐಡ್ಲಿಂಗ್ ಇದ್ದರೆ, 850ನ್ನು 32.4ರಿಂದ ಭಾಗಿಸಿ, 2.1ರಿಂದ ಗುಣಿಸಿದರೆ ನಿಮಿಷಕ್ಕೆ 55 ಮೀಟರ್. ಗಂಟೆಗೆ 3.3 ಕಿ.ಮೀ. ನಾನು ಹಾಕಿಸಿದ್ದು 235/75 ಆರ್15. ಅದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ಅದೇ ಐಡ್ಲಿಂಗ್‌ನಲ್ಲಿ ವೇಗ 3.6ಕ್ಕೆ ಏರಿತು. ಟೈರ್ ಸುಮಾರು ಶೇ 10ರಷ್ಟು ದೊಡ್ಡದಾಯಿತು, ಅಷ್ಟೇ ಪ್ರಮಾಣದಲ್ಲಿ ಎಳೆತ ಕಡಿಮೆಯಾಯಿತು. ದೊಡ್ಡ ಟೈರ್ ಹಾಕಿಸಿ "ಗಾಡಿ ಸುಸ್ತಾಗಿದೆ" ಅನ್ನುವವರ ತೊಂದರೆ ಬಹಳ ಸಲ ಇಷ್ಟೇ ಇರುತ್ತದೆ, ಎಂಜಿನ್ ಕೆಟ್ಟಿರುವುದಿಲ್ಲ.

ಮೂರರಲ್ಲಿ ಯಾವುದನ್ನು ಬದಲಿಸುವುದು?

ಗೇರ್ ಬಾಕ್ಸ್ ಒಳಗೆ ಫಸ್ಟ್ ಗೇರ್ ಬದಲಿಸುವ ಯೋಚನೆ ಬಿಡಿ. ಖರ್ಚು ಜಾಸ್ತಿ, ಲಾಭ ಕಡಿಮೆ, ಮೇಲಾಗಿ ಫಸ್ಟ್ ಮತ್ತು ಸೆಕೆಂಡ್ ನಡುವೆ ದೊಡ್ಡ ಅಂತರ ಬಿದ್ದು ದಿನನಿತ್ಯದ ಓಡಾಟವೇ ಹಾಳಾಗುತ್ತದೆ.

ಕ್ರೌನ್ ಪಿನಿಯನ್ ಬದಲಿಸಬಹುದು. ಆದರೆ ಎರಡೂ ಹೌಸಿಂಗ್‌ಗೆ ಬದಲಿಸಬೇಕು, ಹಲ್ಲಿನ ಕಚ್ಚು ಸರಿ ಕೂರಿಸುವ ಕೈ ಬೇಕು, ಅಲ್ಲದೆ ಅದು ಎಲ್ಲ ಗೇರನ್ನೂ ನಿಧಾನ ಮಾಡುತ್ತದೆ. ಹುಮನಾಬಾದ್ ರಸ್ತೆಯಲ್ಲಿ 80ರಲ್ಲಿ ಹೋಗುವಾಗಲೂ ಎಂಜಿನ್ ಕೂಗುತ್ತದೆ.

ಟ್ರಾನ್ಸ್‌ಫರ್ ಕೇಸ್ ಹಾಗಲ್ಲ. ಅಲ್ಲಿ ಲೋ ಬೇರೆ, ಹೈ ಬೇರೆ. ಕಲ್ಲಿನ ಮೇಲೆ ನಿಧಾನ ಬೇಕಾದಾಗ ಮಾತ್ರ ನಿಧಾನ ಸಿಗುತ್ತದೆ. ಜಿಪ್ಸಿಯಲ್ಲಿ ಇನ್ನೊಂದು ಅನುಕೂಲ ಇದೆ. ಇದರ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಗೇರ್ ಬಾಕ್ಸ್ ಮುಟ್ಟದೆ, ಕ್ಲಚ್ ಮುಟ್ಟದೆ, ಇದೊಂದನ್ನೇ ಕೆಳಗಿಳಿಸಬಹುದು.

ಇಲ್ಲಿ ಎರಡು ದಾರಿ ಇವೆ. ಮೊದಲನೆಯದು ಅಗ್ಗದ್ದು. 1985ರಲ್ಲಿ ಬಂದ 970 ಸಿಸಿ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಲೋ 2.511, ಹೈ 1.580. 1996ರಿಂದ ಬಂದ 1298 ಸಿಸಿ ಕಿಂಗ್‌ನಲ್ಲಿ ಲೋ 2.268, ಹೈ 1.409. ಹಳೇದನ್ನು ತಂದು ಹಾಕಿದರೆ ಲೋ ಅನುಪಾತ ಶೇ 11ರಷ್ಟು, ಹೈ ಶೇ 12ರಷ್ಟು ಹೆಚ್ಚುತ್ತದೆ, ಅಂದರೆ ಗಾಡಿ ಇನ್ನೂ ನಿಧಾನ. ನನ್ನ ಟೈರ್ ಇಟ್ಟು ಲೆಕ್ಕ ಹಾಕಿದರೆ ತೆವಳುವ ವೇಗ 3.3 ಕಿ.ಮೀ. ಗಮನಿಸಿದಿರಾ? ಕಂಪನಿ ಟೈರ್ ಇದ್ದಾಗ ಇದ್ದ ವೇಗವೇ ಅದು. ಅಂದರೆ ಈ ದಾರಿ ದೊಡ್ಡ ಟೈರ್ ಕಿತ್ತುಕೊಂಡದ್ದನ್ನು ವಾಪಸ್ ಕೊಡುತ್ತದೆ, ಹೊಸದೇನೂ ಕೊಡುವುದಿಲ್ಲ. ಹೊಲದ ದಾರಿಗೆ, ಎರೆ ಮಣ್ಣಿಗೆ ಇಷ್ಟೇ ಸಾಕು ಅನ್ನುವವರು ಇದನ್ನೇ ಮಾಡಿ. ಗುಜರಿಯಲ್ಲಿ ಕೊಳ್ಳುವಾಗ ಫ್ಲೇಂಜ್ (ಶಾಫ್ಟ್ ಬೋಲ್ಟ್ ಮಾಡುವ ತಟ್ಟೆ) ತೂತುಗಳ ಅಳತೆ ಮತ್ತು ಮೌಂಟಿಂಗ್ ಕಾಲುಗಳು ನಿಮ್ಮ ಗಾಡಿಗೆ ಕೂರುತ್ತವಾ ಅಂತ ನಿಮ್ಮದನ್ನು ಪಕ್ಕದಲ್ಲಿಟ್ಟೇ ನೋಡಬೇಕು.

ಎರಡನೆಯದು ಲೋ ಗೇರ್ ಕಿಟ್. ಈ ಗಾಡಿ ಹೊರದೇಶಗಳಲ್ಲಿ ಸಮುರಾಯ್, ಸಿಯೆರಾ ಅಂತ ಮಾರಾಟವಾಗಿತ್ತು, ಅಲ್ಲಿ ಇದಕ್ಕೆ 4.16, 4.9, 6.5 ಅನುಪಾತದ ಗೇರ್ ಸೆಟ್‌ಗಳು ಬಂದಿವೆ. ನನ್ನ ಟೈರಿಗೆ 4.16 ಹಾಕಿದರೆ ಒಟ್ಟು ಅನುಪಾತ 59.4, ತೆವಳುವ ವೇಗ 2 ಕಿ.ಮೀ. 4.9 ಹಾಕಿದರೆ 1.7. 6.5 ಹಾಕಿದರೆ 1.3. ಕೇಳಲು 6.5 ಚೆನ್ನಾಗಿದೆ, ಆದರೆ ನಮ್ಮ ಕಡೆ ಅದರ ಕೆಲಸ ಇಲ್ಲ. ಅಷ್ಟು ಗುಣಿಸಿದ ಬಲ ಹೋಗಿ ಬೀಳುವುದು ಮುಂದಿನ ಆಕ್ಸಲ್‌ನ ಜಾಯಿಂಟ್ ಮೇಲೆ, ಮತ್ತು ಜಿಪ್ಸಿಯಲ್ಲಿ ಮೊದಲು ಮುರಿಯುವುದೂ ಅದೇ. ಇಲ್ಲಿನ ಕಲ್ಲಿಗೆ 4.16 ಧಾರಾಳ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಹೈ ಗೇರ್ ಎಷ್ಟಾಗುತ್ತದೆ? ಕೆಲವು ಕಿಟ್ ಹೈ ಅನ್ನು ಹಾಗೇ ಬಿಡುತ್ತವೆ, ಕೆಲವು ಅದನ್ನೂ ನಿಧಾನ ಮಾಡುತ್ತವೆ. ದೊಡ್ಡ ಟೈರ್ ಇದ್ದವರಿಗೆ ಸ್ವಲ್ಪ ನಿಧಾನವಾದರೆ ಒಳ್ಳೇದೇ, ಕಂಪನಿ ಟೈರ್ ಇದ್ದವರು ಹಾಗೇ ಬಿಡುವ ಕಿಟ್ ತೆಗೆದುಕೊಳ್ಳಿ.

ಕೆಳಗಿಳಿಸುವುದು

ಕಿಟ್ ಜೊತೆಗೆ ಬೇರಿಂಗ್‌ಗಳು, ಎಲ್ಲ ಆಯಿಲ್ ಸೀಲ್, ಫ್ಲೇಂಜ್ ನಟ್‌ಗಳು, ಮೂರು ಮೌಂಟಿಂಗ್ ರಬ್ಬರ್ ಮೊದಲೇ ತಂದಿಟ್ಟುಕೊಳ್ಳಿ. ಕಲಬುರಗಿಯಲ್ಲಿ ಸಿಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್. ಗಾಡಿ ಬಿಚ್ಚಿಟ್ಟು ಒಂದು ಸೀಲಿಗಾಗಿ ವಾರಗಟ್ಟಲೆ ಕಾಯುವುದು ಬೇಡ.

ಗಾಡಿ ಗಟ್ಟಿ ನೆಲದ ಮೇಲಿರಲಿ. ಎರೆ ಮಣ್ಣಿನ ಮೇಲೆ ಜಾಕ್ ಹಚ್ಚಿ ಕೆಳಗೆ ಮಲಗಬೇಡಿ, ಒಣಗಿದ್ದಾಗಲೂ ಬೇಡ, ಬಿರುಕು ಬಿಟ್ಟ ಎರೆ ಯಾವಾಗ ಕುಸಿಯುತ್ತದೆ ಅಂತ ಹೇಳಲಾಗದು. ಫರ್ಸಿ ಹಾಸಿದ ನೆಲವಾದರೆ ಸ್ಟ್ಯಾಂಡ್ ಕೆಳಗೆ ಮರದ ಹಲಗೆ ಹಾಕಿ, ಕಲ್ಲಿನ ಕೆಳಗೆ ಪೊಳ್ಳು ಇದ್ದರೆ ಕಲ್ಲು ಸೀಳುತ್ತದೆ. ಚಕ್ರಕ್ಕೆ ಅಡ್ಡ ಕೊಟ್ಟು, ಬ್ಯಾಟರಿ ತಂತಿ ತೆಗೆಯಿರಿ.

ಆಯಿಲ್ ಇಳಿಸುವ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಕೆಳಗಿನದನ್ನು ತೆಗೆದು ಆಯಿಲ್ ಖಾಲಿ ಮಾಡಿ, ಆಮೇಲೆ ಮೇಲಿನದು ಬರಲೇ ಇಲ್ಲ ಅಂದರೆ ಗಾಡಿ ಅಲ್ಲೇ. ಇಳಿಸಿದ ಆಯಿಲ್ ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಹಾಲು ಬೆರೆತಂತೆ ಇದ್ದರೆ ನೀರು ಹೋಗಿದೆ. ತಟ್ಟೆಯ ಅಡಿಗೆ ಮ್ಯಾಗ್ನೆಟ್ ಹಿಡಿದರೆ ಕಬ್ಬಿಣದ ಪುಡಿ ಒಂದು ಕಡೆ ಸೇರುತ್ತದೆ. ಹಿಟ್ಟಿನಂತೆ ನುಣ್ಣಗಿದ್ದರೆ ಸವೆತ, ಅದು ಸಹಜ. ಚೂರು ಸಿಕ್ಕರೆ ಯಾವುದೋ ಹಲ್ಲು ಹೋಗಿದೆ.

ಈಗ ಮೂರು ಶಾಫ್ಟ್. ಗೇರ್ ಬಾಕ್ಸಿನಿಂದ ಬರುವ ಗಿಡ್ಡದು, ಮುಂದಿನದು, ಹಿಂದಿನದು. ಬಿಚ್ಚುವ ಮೊದಲು ಪ್ರತಿ ಜೋಡು ಫ್ಲೇಂಜ್ ಮೇಲೆ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆಯಿರಿ, ಎರಡೂ ಕಡೆ ಮುಟ್ಟುವಂತೆ. ವಾಪಸ್ ಹಾಕುವಾಗ ಗೆರೆಗೆ ಗೆರೆ ಕೂಡಿಸಿದರೆ ಮೊದಲಿದ್ದಂತೆಯೇ ಕೂರುತ್ತದೆ, ಇಲ್ಲದಿದ್ದರೆ 60 ದಾಟಿದ ಮೇಲೆ ನೆಲ ನಡುಗಲು ಶುರು. ಶಾಫ್ಟ್ ಕೆಳಗೆ ಬಂದಾಗಲೇ ಅದರ ತುದಿಯ ಕ್ರಾಸ್‌ಗಳನ್ನು (ಮಡಚುವ ಜಾಯಿಂಟ್) ಕೈಯಲ್ಲಿ ಅಲ್ಲಾಡಿಸಿ ನೋಡಿ, ಲೂಸ್ ಇದ್ದರೆ ಈಗಲೇ ಬದಲಿಸಿ.

ಸ್ಪೀಡೋಮೀಟರ್ ಕೇಬಲ್, ಫೋರ್ ಬೈ ಫೋರ್ ಲೈಟಿನ ವೈರ್ ಬಿಚ್ಚಿ. ಒಳಗಿನಿಂದ ಲಿವರ್‌ನ ರಬ್ಬರ್ ಎತ್ತಿ, ಬುಡದ ಟೋಪಿ ಒತ್ತಿ ತಿರುಗಿಸಿದರೆ ಲಿವರ್ ಮೇಲೆ ಬರುತ್ತದೆ. ಕೆಳಗೆ ಗೇರ್ ಬಾಕ್ಸ್ ಜಾಕ್ ಕೊಟ್ಟು, ಬೆಲ್ಟ್ ಕಟ್ಟಿ, ಆಮೇಲೆ ಮೂರು ಮೌಂಟಿಂಗ್ ಬಿಚ್ಚಿ. ಒಬ್ಬರೇ ಎದೆ ಮೇಲೆ ಇಳಿಸಿಕೊಳ್ಳುವ ಭಾರ ಅಲ್ಲ ಇದು. ಜೊತೆಗೆ ಇನ್ನೊಬ್ಬರು ಇರಲೇಬೇಕು.

ಒಳಗಿನ ಕೆಲಸ

ಬಿಚ್ಚುವ ಮೊದಲು ಹೊರಗಿನ ಮಣ್ಣನ್ನು ಡೀಸೆಲ್, ಬ್ರಷ್ ಹಾಕಿ ಪೂರ್ತಿ ತೊಳೆಯಿರಿ. ಒಂದು ಚಿಟಿಕೆ ಮಣ್ಣು ಬೇರಿಂಗ್ ಒಳಗೆ ಹೋದರೂ ಅದು ಅರೆಯುವ ಪುಡಿಯೇ. ಟೇಬಲ್ ಮೇಲೆ ಹಳೇ ಬಿಳಿ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ.

ಮೊದಲು ಫ್ಲೇಂಜ್ ನಟ್‌ಗಳು. ಅಂಚು ಬಡಿದು ಲಾಕ್ ಮಾಡಿರುತ್ತಾರೆ, ಸಣ್ಣ ಉಳಿಯಿಂದ ಅಂಚು ಎತ್ತಿ, ಫ್ಲೇಂಜ್ ತಿರುಗದಂತೆ ಹಿಡಿದು ಬಿಚ್ಚಬೇಕು. ಆಮೇಲೆ ಗೇರ್ ಸರಿಸುವ ಫೋರ್ಕ್‌ನ ಶಾಫ್ಟ್ ಹಿಡಿದಿಡುವ ಸ್ಪ್ರಿಂಗ್ ಮತ್ತು ಗುಂಡುಗಳು. ಇವನ್ನು ತೆಗೆಯದೆ ಕೇಸ್ ಎಳೆದರೆ ಫೋರ್ಕ್ ಬಾಗುತ್ತದೆ. ಗುಂಡು ಜಿಗಿದು ಮಂಚದ ಕೆಳಗೆ ಹೋಗುವ ಜಾತಿಯದು, ಅಂಗೈ ಅಡ್ಡ ಹಿಡಿದೇ ಸ್ಪ್ರಿಂಗ್ ತೆಗೆಯಿರಿ.

ಕೇಸ್ ಅಲ್ಯೂಮಿನಿಯಂ. ಎರಡು ಭಾಗದ ನಡುವೆ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ, ಒಂದು ಗೀರು ಬಿದ್ದರೆ ಅಲ್ಲಿಂದ ಆಯಿಲ್ ಜಿನುಗುತ್ತಲೇ ಇರುತ್ತದೆ. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ತಾನೇ ಬಿಡುತ್ತದೆ.

ಒಳಗೆ ನೋಡಿದರೆ ಅಂಜಿಕೆ ಬೇಡ, ವ್ಯವಸ್ಥೆ ಸರಳ. ಮೇಲೆ ಇನ್‌ಪುಟ್ ಶಾಫ್ಟ್. ನಡುವೆ ಕೌಂಟರ್ ಗೇರ್, ಒಂದೇ ತುಂಡಿನಲ್ಲಿ ದೊಡ್ಡ ಚಿಕ್ಕ ಗೇರ್‌ಗಳು. ಕೆಳಗೆ ಔಟ್‌ಪುಟ್ ಶಾಫ್ಟ್, ಅದರ ಮೇಲೆ ಹೈ ಗೇರ್, ಲೋ ಗೇರ್, ನಡುವೆ ಜಾರುವ ಸ್ಲೀವ್. ಕಿಟ್‌ನಲ್ಲಿ ಬದಲಾಗುವುದು ಇನ್‌ಪುಟ್, ಕೌಂಟರ್ ಮತ್ತು ಔಟ್‌ಪುಟ್ ಗೇರ್‌ಗಳು. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ನೋಡಿ: ಹೊಸ ಲೋ ಗೇರ್ ದೊಡ್ಡದಾಗಿದೆ, ಅದನ್ನು ತಿರುಗಿಸುವ ಗೇರ್ ಚಿಕ್ಕದಾಗಿದೆ. ನಿಧಾನ ಹುಟ್ಟುವುದು ಅಲ್ಲೇ.

ಕೆಲವು ಕಿಟ್‌ಗಳಲ್ಲಿ ಈ ದೊಡ್ಡ ಗೇರ್ ಕೇಸಿನ ಒಳಗೋಡೆಗೆ ತಾಗುತ್ತದೆ. ಆಗ ಒಳಗೆ ಸ್ವಲ್ಪ ಗ್ರೈಂಡ್ ಮಾಡಬೇಕು. ಕೈ ಪಳಗದಿದ್ದರೆ ಕಪನೂರ ಕೈಗಾರಿಕಾ ಪ್ರದೇಶದ ಯಾವುದಾದರೂ ಒಳ್ಳೆ ಲೇತ್ ಅಂಗಡಿಗೆ ಕೊಡಿ. ಗ್ರೈಂಡ್ ಮಾಡಿದ ಮೇಲೆ ಕೇಸನ್ನು ಸೋಪು ನೀರಿನಲ್ಲಿ, ಆಮೇಲೆ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾದರೆ ಮತ್ತೆ ತೊಳೆಯಿರಿ.

ಜೋಡಿಸುವಾಗ ಅತಿ ಜಾಗ್ರತೆ ಬೇಕಾದ್ದು ಥ್ರಸ್ಟ್ ವಾಷರ್ (ಗೇರ್ ಪಕ್ಕಕ್ಕೆ ಒರಗುವ ಬಿಲ್ಲೆ) ಮತ್ತು ಶಿಮ್ (ಅಂತರ ತುಂಬುವ ತೆಳು ಬಿಲ್ಲೆ) ವಿಷಯದಲ್ಲಿ. ವಾಷರ್‌ನ ಒಂದು ಮುಖದಲ್ಲಿ ಆಯಿಲ್ ಹರಿಯಲು ಸಣ್ಣ ಕಾಲುವೆ ಇರುತ್ತದೆ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ಆ ಮುಖ ತಿರುಗುವ ಗೇರ್ ಕಡೆಗೇ ಇರಬೇಕು. ನನ್ನ ಗಾಡಿಯಲ್ಲಿ ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಬರೀ ಸೀಲ್ ಬದಲಿಸಲು ಬಿಚ್ಚಿ ಇದನ್ನು ಉಲ್ಟಾ ಹಾಕಿದ್ದರು. ಎರಡು ತಿಂಗಳು ಸಣ್ಣ ಗುಂಯ್ ಸದ್ದು, ಕೊನೆಗೆ ಆಯಿಲ್‌ನಲ್ಲಿ ಹಿತ್ತಾಳೆ ಬಣ್ಣದ ಹೊಳಪು. ಅರ್ಧ ನಿಮಿಷ ಬೆಳಕಿಗೆ ಹಿಡಿದು ನೋಡಿದ್ದರೆ ಉಳಿಯುತ್ತಿದ್ದ ವಾಷರ್ ಅದು.

ಸೂಜಿ ಬೇರಿಂಗ್‌ಗಳಿಗೆ ಗೇರ್ ಆಯಿಲ್ ಹಚ್ಚಿಯೇ ಕೂರಿಸಿ, ಒಣದು ಹಾಕಬೇಡಿ. ಕೌಂಟರ್ ಗೇರ್ ಕೂರಿಸಿ, ಹಿಂದೆ ಮುಂದೆ ಎಷ್ಟು ಆಡುತ್ತದೆ ಅಂತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ, ಕಿಟ್ ಜೊತೆ ಬಂದ ಹಾಳೆಯ ಅಂಕಿಗೆ ಹೋಲಿಸಿ. ಆಮೇಲೆ ಆಯಿಲ್ ಸೋರದಂತೆ ಹಚ್ಚುವ ಗಮ್ ಹಚ್ಚದೆ ಒಮ್ಮೆ ಪೂರ್ತಿ ಜೋಡಿಸಿ, ಬೋಲ್ಟ್ ಬಿಗಿದು, ಕೈಯಿಂದ ತಿರುಗಿಸಿ. ಟು ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ, ನಾಲ್ಕರಲ್ಲೂ. ಎಲ್ಲಿಯಾದರೂ ತಡೆದಂತಾದರೆ, ಟಕ್ ಅಂದರೆ, ಬಿಚ್ಚಿ. ಲೋ ಹಾಕಿ ಇನ್‌ಪುಟ್ ಫ್ಲೇಂಜ್ ತಿರುಗಿಸಿ ಎಣಿಸಿ ನೋಡಿ: 4.16 ಕಿಟ್ ಆದರೆ ಔಟ್‌ಪುಟ್ ಒಂದು ಸುತ್ತು ಬರಲು ಇನ್‌ಪುಟ್ ನಾಲ್ಕು ಸುತ್ತು ಮೇಲೆ ಸ್ವಲ್ಪ ತಿರುಗಬೇಕು. ಎಲ್ಲ ಸರಿ ಇದ್ದರೆ ಮಾತ್ರ ಮತ್ತೆ ಬಿಚ್ಚಿ, ಮುಖ ಒರೆಸಿ, ಗಮ್ ತೆಳ್ಳಗೆ ಹಚ್ಚಿ ಮುಚ್ಚಿ. ದಪ್ಪ ಹಚ್ಚಿದರೆ ಒಳಗೆ ಉದುರಿ ಆಯಿಲ್ ದಾರಿ ಮುಚ್ಚುತ್ತದೆ.

ವಾಪಸ್ ಹಾಕುವಾಗ

ಮೌಂಟಿಂಗ್ ರಬ್ಬರ್ ಹಳೇದು ಹಾಕಬೇಡಿ. ಲೋ ಅನುಪಾತ ಹೆಚ್ಚಾದಷ್ಟೂ ಟ್ರಾನ್ಸ್‌ಫರ್ ಕೇಸ್ ತಾನೇ ತಿರುಚಿಕೊಳ್ಳಲು ನೋಡುತ್ತದೆ, ಸತ್ತ ರಬ್ಬರ್ ಅದನ್ನು ತಡೆಯುವುದಿಲ್ಲ. ಗೆರೆಗೆ ಗೆರೆ ಕೂಡಿಸಿ ಶಾಫ್ಟ್ ಹಾಕಿ. ಗೇರ್ ಆಯಿಲ್ ಜಿಎಲ್-4 ದರ್ಜೆಯದು, ಲೆವೆಲ್ ಬೋಲ್ಟಿನಿಂದ ತೊಟ್ಟಿಕ್ಕುವವರೆಗೆ. ಗಾಡಿ ಸಮತಟ್ಟಾಗಿ ನಿಂತಿರಬೇಕು.

ಇದೇ ಹೊತ್ತಿಗೆ ಬ್ರೀದರ್ ಪೈಪ್, ಅಂದರೆ ಕೇಸ್ ಉಸಿರಾಡುವ ಕೊಳವೆ, ಮೇಲೆ ತನ್ನಿ. ಓಡಿ ಓಡಿ ಬಿಸಿಯಾದ ಕೇಸ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ನೀರಿನಲ್ಲಿದ್ದರೆ ನೀರನ್ನೇ ಎಳೆಯುತ್ತದೆ. ಮೀಟರುದ್ದ ರಬ್ಬರ್ ಪೈಪ್ ಜೋಡಿಸಿ ಬಾನೆಟ್ ಒಳಗೆ ಎತ್ತರದಲ್ಲಿ ಕಟ್ಟಿದರೆ ಮುಗಿಯಿತು. ಎರಡೂ ಹೌಸಿಂಗ್‌ಗೂ ಮಾಡಿ.

ಕಾಗದದ ಮಾತೂ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಟೈರ್ ದೊಡ್ಡದಾಗಿದ್ದರೆ ಮೀಟರ್ 60 ತೋರಿಸುವಾಗ ನೀವು 66ರಲ್ಲಿರುತ್ತೀರಿ, ಅದೂ ನೆನಪಿರಲಿ.

ಓಡಿಸುವುದು

ಮುಂದಿನ ಚಕ್ರದ ಹಬ್ (ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಲಾಕ್) ಲಾಕ್ ಮಾಡಿ, ಗಾಡಿ ನಿಲ್ಲಿಸಿ ಲೋ ಹಾಕಿ. ಡಾಂಬರು, ಸಿಮೆಂಟ್ ಮೇಲೆ ಫೋರ್ ಲೋ ಬೇಡ, ಜಾರಲು ಜಾಗ ಇಲ್ಲದೆ ಶಾಫ್ಟ್ ಬಿಗಿಯುತ್ತದೆ. ಕಲ್ಲಿನ ಮೆಟ್ಟಿಲಿಗೆ ಫಸ್ಟ್, ಕ್ಲಚ್‌ನಿಂದ ಕಾಲು ಪೂರ್ತಿ ತೆಗೆಯಿರಿ. ಟೈರ್ ಕಲ್ಲಿಗೆ ತಾಗಿ ಒಂದು ಕ್ಷಣ ನಿಂತಂತಾಗುತ್ತದೆ, ಎಂಜಿನ್ ಸದ್ದು ಸ್ವಲ್ಪ ದಪ್ಪವಾಗುತ್ತದೆ, ಆಮೇಲೆ ಮೆಲ್ಲಗೆ ಎತ್ತುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗಾದ ಸಂತೋಷ ಹೇಳತೀರದು. ಇಳಿಯುವಾಗಲೂ ಫಸ್ಟ್, ಬ್ರೇಕ್ ಬೇಡ, ಕ್ಲಚ್ ಅಂತೂ ಒತ್ತಲೇಬೇಡಿ.

ಎರೆ ಮಣ್ಣಿನಲ್ಲಿ ಮಾತ್ರ ಈ ನಿಧಾನ ಕೆಲಸಕ್ಕೆ ಬರುವುದಿಲ್ಲ. ಮಳೆ ಬಿದ್ದ ಎರೆಯಲ್ಲಿ ತೆವಳಿದರೆ ಮಣ್ಣು ಟೈರಿನ ಸಂದಿಯಲ್ಲಿ ಮೆತ್ತಿಕೊಂಡು ಟೈರ್ ನುಣ್ಣಗೆ ಗುಂಡುಕಲ್ಲಿನಂತಾಗುತ್ತದೆ. ಅದು ಸಿಡಿದು ಹೋಗಬೇಕಾದರೆ ಚಕ್ರ ಜೋರಾಗಿ ತಿರುಗಬೇಕು. 4.16ರ ಲೋನಲ್ಲಿ ಥರ್ಡ್ ಹಾಕಿ, 2500 ಆರ್‌ಪಿಎಂ ಇಟ್ಟರೆ ಸುಮಾರು 15 ಕಿ.ಮೀ. ವೇಗ ಸಿಗುತ್ತದೆ, ಅದು ಸರಿ. ಗೇರ್ ಬಲ ಕೊಡುತ್ತದೆ, ಹಿಡಿತ ಕೊಡುವುದು ಟೈರ್. ಎರಡೂ ಬೇರೆ ಬೇರೆ. ಪೂರ್ತಿ ನೆಂದ ಎರೆಗೆ ಸುಮ್ನೆ ಇಳಿಯದೆ ಎರಡು ದಿನ ಬಿಸಿಲು ಕಾಯ್ದರೆ ಇನ್ನೂ ಒಳ್ಳೇದು.

ಟೆಸ್ಟ್ ಮಾಡಲು ಹಳೇ ಕಲ್ಲಿನ ಗಣಿಗೆ ಹೋಗಬೇಡಿ, ನೀರು ತುಂಬಿದ ಗುಂಡಿಗಳ ಆಳ ಮೇಲಿನಿಂದ ಕಾಣುವುದಿಲ್ಲ. ಚಿಂಚೋಳಿ ಕಾಡು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವುದು ತಪ್ಪು. ನಿಮ್ಮ ಹೊಲದ ಬದಿಯ ಹಳ್ಳ ಸಾಕು.

ಮೊದಲ 500 ಕಿ.ಮೀ. ಭಾರ ಹೇರದೆ ಓಡಿಸಿ. ಮೊದಲ ದಿನ 20 ಕಿ.ಮೀ. ಆದ ಮೇಲೆ ನಿಲ್ಲಿಸಿ ಕೇಸಿಗೆ ಕೈ ಹತ್ತಿರ ಹಿಡಿದು ನೋಡಿ, ಬೆಚ್ಚಗಿರಬೇಕು, ಸುಡುವಷ್ಟಲ್ಲ. ಸೀಲ್‌ಗಳ ಕೆಳಗೆ ಒದ್ದೆ ಇದೆಯಾ ನೋಡಿ, ಫ್ಲೇಂಜ್ ಬೋಲ್ಟ್‌ಗಳಿಗೆ ಇನ್ನೊಮ್ಮೆ ಪಾನಾ ಹಾಕಿ. 500 ಆದ ಮೇಲೆ ಆಯಿಲ್ ಬಿಸಿಯಿದ್ದಾಗಲೇ ಬಿಳಿ ತಟ್ಟೆಗೆ ಇಳಿಸಿ, ಅಡಿಗೆ ಮತ್ತೆ ಮ್ಯಾಗ್ನೆಟ್ ಹಿಡಿಯಿರಿ. ನನ್ನದರಲ್ಲಿ ಬೂದು ಬಣ್ಣದ ನುಣ್ಣನೆ ಪುಡಿ ಅರ್ಧ ಚಮಚ ಬಂತು, ಚೂರು ಒಂದೂ ಇರಲಿಲ್ಲ. ಹೊಸ ಆಯಿಲ್ ತುಂಬಿ ಆ ವಾರವೇ ತೊಗರಿ ಚೀಲ ಹೇರಿಕೊಂಡು ಹಳ್ಳ ಹತ್ತಿಸಿದೆ.